ಒಂಟಿಗಳ ಗುಂಪಿನಲ್ಲಿ ಬೀಗರು

ಕೂತ ಜಾಗದಿಂದ ಬೀಗರನ್ನು ಎಬ್ಬಿಸುವುದಿಲ್ಲ ಎಂದು ಮಾಲತೇಶಪ್ಪ ಮಾತು ಕೊಟ್ಟದ್ದು ಮಗಳು ಚೈತ್ರಾಳ ಮದುವೆಯ ದಿನ, ಮುನಿಸಿಕೊಂಡು ಹೊರಟ ಗಂಡಿನ ಕಡೆಯ ಬಸ್ಸಿನ ಬಾಗಿಲಲ್ಲಿ ನಿಂತು.

ತಪ್ಪು ಅವನದೇ. ದಾವಣಗೆರೆಯ ಒಂದು ಮದುವೆ ಛತ್ರಕ್ಕೆ ಅವನು ಮ್ಯಾನೇಜರು. ಊಟದ ಪಂಕ್ತಿ ತೆರವು ಮಾಡಿಸುವುದರಲ್ಲಿ ಅವನಷ್ಟು ಪಳಗಿದವರು ಊರಲ್ಲಿ ಇನ್ನೊಬ್ಬರಿರಲಿಲ್ಲ. ಮಜ್ಜಿಗೆ ಕುಡಿದ ಮೇಲೂ ಹರಟೆ ಹೊಡೆಯುತ್ತ ಕೂತವರ ಬೆನ್ನ ಹಿಂದೆ ಹೋಗಿ ನಿಂತು ಒಂದು ಕೆಮ್ಮು ಕೆಮ್ಮಿದನೆಂದರೆ ಸಾಲಿಗೆ ಸಾಲೇ ಎದ್ದು ಕೈತೊಳೆಯಲು ಹೋಗುತ್ತಿತ್ತು. ಮಗಳ ಮದುವೆಯೂ ಅದೇ ಛತ್ರದಲ್ಲಿ ನಡೆದಾಗ, ತಾನು ಇವತ್ತು ಮ್ಯಾನೇಜರಲ್ಲ, ಹೆಣ್ಣಿನ ತಂದೆ ಎನ್ನುವ ಸಂಗತಿ ಊಟದ ಗದ್ದಲದಲ್ಲಿ ಅವನಿಗೆ ಮರೆತುಹೋಯಿತು. ಮೊದಲ ಪಂಕ್ತಿಯ ತುದಿಯಲ್ಲಿ ಕೂತು ಹೋಳಿಗೆಗೆ ಇನ್ನೊಂದು ಸಲ ತುಪ್ಪ ಕೇಳುತ್ತಿದ್ದ ಮುದುಕರೊಬ್ಬರನ್ನು ಕಂಡು, ‘ಯಜಮಾನ್ರೇ, ಏಳ್ರಿ ಇನ್ನ, ಹಿಂದೆ ಜನ ಕಾಯ್ತಾರೆ’ ಎಂದುಬಿಟ್ಟ.

ಆ ಮುದುಕರು ಕಡರನಾಯಕನಹಳ್ಳಿಯ ಗುತ್ತೆಪ್ಪನವರು. ಗಂಡಿನ ತಂದೆ ಹರಿಹರದ ತೋಟಪ್ಪನವರ ಖಾಸಾ ಚಿಕ್ಕಪ್ಪ. ತುಪ್ಪ ಬರುವ ಮೊದಲೇ ಸುದ್ದಿ ಹಬ್ಬಿತು. ನೋಡನೋಡುತ್ತ ಗಂಡಿನ ಕಡೆಯವರೆಲ್ಲ ಮದುಮಗನನ್ನು ಬಾಸಿಂಗದ ಸಮೇತ ಎತ್ತಿಕೊಂಡು ಹೋಗಿ ಬಸ್ಸಿನಲ್ಲಿ ಕೂತರು. ಮಾಲತೇಶಪ್ಪ ಫುಟ್‌ಬೋರ್ಡಿನ ಮೇಲೆ ಕೈಮುಗಿದು ನಿಂತ.

‘ಬೀಗ್ರೇ, ಇವತ್ತೊಂದು ಹೊಟ್ಟಿಗೆ ಹಾಕ್ಕಳ್ರಿ. ನನ್ನ ಉಸಿರಿರೋ ತನಕ ನಿಮ್ಮ ಮನೆಯೋರನ್ನ ಕೂತ ಜಾಗದಿಂದ ನಾ ಎಬ್ಬಿಸಲ್ಲ.’

‘ಎಲ್ಲೂ?’ ಎಂದು ಕೇಳಿದರು ತೋಟಪ್ಪನವರು.

‘ಎಲ್ಲೂ.’

ಬಸ್ಸು ಖಾಲಿಯಾಯಿತು, ಮದುವೆ ಮುಂದುವರಿಯಿತು. ‘ಎಲ್ಲೂ’ ಎನ್ನುವುದರಲ್ಲಿ ವಾಟ್ಸಾಪ್ ಗುಂಪೂ ಸೇರುತ್ತದೆ ಎಂದು ಆಗ ಇಬ್ಬರಿಗೂ ಹೊಳೆದಿರಲಿಲ್ಲ.

ಒಂಬತ್ತು ವರ್ಷ ಕಳೆದವು. ಈ ನಡುವೆ ಮಾಲತೇಶಪ್ಪನ ಹೆಂಡತಿ ತೀರಿಕೊಂಡಳು. ದೇವರಾಜ ಅರಸು ಬಡಾವಣೆಯ ಮನೆಯಲ್ಲಿ ಅವನೊಬ್ಬನೇ ಉಳಿದ. ಅಕ್ಕಪಕ್ಕದವರು ಮೊದಲ ವರ್ಷ ಸಾರು ಕೊಟ್ಟರು, ಎರಡನೇ ವರ್ಷ ಸಲಹೆ ಕೊಟ್ಟರು, ಮೂರನೇ ವರ್ಷ ಹೆಣ್ಣು ತೋರಿಸತೊಡಗಿದರು. ಮದುವೆಗಳನ್ನು ದಿನಾ ಹತ್ತಿರದಿಂದ ನೋಡಿದವನಿಗೆ ಇನ್ನೊಂದು ಬೇಕೆನಿಸಲಿಲ್ಲ. ಆದರೆ ಹೊಸ ಅಂಗಿ ಹಾಕಿಕೊಂಡ ದಿನ ‘ಚೆನ್ನಾಗೈತೆ’ ಅನ್ನುವವರು ಒಬ್ಬರು ಬೇಕು ಅನಿಸುತ್ತಿತ್ತು.

ಹೀಗಿರುವಾಗ ಅವನಿಗೆ ಸಿಕ್ಕದ್ದು ‘ಮನೆ ಬೇರೆ, ಮನಸು ಒಂದು’ ಎಂಬ ಗುಂಪು. ನಲವತ್ತೈದು ದಾಟಿದ, ಒಂಟಿಯಾಗಿರುವ ಗಂಡಸರು ಹೆಂಗಸರು ಅದರ ಸದಸ್ಯರು. ಚಿತ್ರದುರ್ಗ, ರಾಣೆಬೆನ್ನೂರು, ಶಿವಮೊಗ್ಗ ಎಲ್ಲ ಕಡೆಯವರೂ ಇದ್ದರು. ತಾಳಿ ಇಲ್ಲ, ಒಂದೇ ಮನೆ ಇಲ್ಲ. ಅವರವರ ಬೀಗದ ಕೈ ಅವರವರ ಸೊಂಟದಲ್ಲಿ. ಭಾನುವಾರ ಜೊತೆಗೆ ಸಿನಿಮಾ, ಶುಗರ್ ಟೆಸ್ಟಿಗೆ ಹೋಗುವಾಗ ಜೊತೆಗೊಬ್ಬರು, ಜ್ವರ ಬಂದರೆ ಫೋನು. ಹಬ್ಬಕ್ಕೆ ಅವರವರ ಮನೆಯ ಒಬ್ಬಟ್ಟು ಅವರವರಿಗೆ. ನಿಯಮಗಳು ಕಟ್ಟುನಿಟ್ಟು: ಮದುವೆಯ ಮಾತೆತ್ತಬಾರದು, ಜಾತಿ ಕೇಳಬಾರದು, ನೆಂಟರಿಷ್ಟರ ಸುದ್ದಿ ತರಬಾರದು. ಇಂಥ ಏರ್ಪಾಡು ಊರಿನ ಕಣ್ಣಿಗೆ ಕಳ್ಳತನಕ್ಕಿಂತ ದೊಡ್ಡದು. ಆದ್ದರಿಂದ ಮಾಲತೇಶಪ್ಪ ಬೇರೆ ಸಿಮ್ಮು ಹಾಕಿಸಿ, ‘ಒಂಟಿ ಹಕ್ಕಿ’ ಎಂದು ಹೆಸರಿಟ್ಟುಕೊಂಡು ಒಳಗೆ ಹೋದ. ಒಂಟಿ ಹಕ್ಕಿಗಳು ಅಲ್ಲಿ ಆಗಲೇ ಹಲವರಿದ್ದುದರಿಂದ ಇವನು ಬಸ್ಸಿನ ಬೋರ್ಡಿನ ಹಾಗೆ ‘ಒಂಟಿ ಹಕ್ಕಿ ದಾವಣಗೆರೆ’ ಆದ.

ಹಗಲು ಮದುವೆಗೆ ಛತ್ರ ಕೊಟ್ಟು ಸಂಜೆ ಮದುವೆ ಬೇಡವೆನ್ನುವವರ ಜೊತೆ ಕೂರುವುದರಲ್ಲಿ ಅವನಿಗೆ ಎಡವಟ್ಟೇನೂ ಕಾಣಲಿಲ್ಲ. ಮಿಠಾಯಿ ಅಂಗಡಿಯವನು ಸಿಹಿ ಮುಟ್ಟದಿರುವುದು ಲೋಕರೂಢಿ.

ಗುಂಪಿನ ಹಿಂದಿನ ಅಡ್ಮಿನ್ ಹುಬ್ಬಳ್ಳಿಯವರು. ಗುಂಪಿನಲ್ಲೇ ಜೊತೆ ಸಿಕ್ಕು, ಮನಸ್ಸು ತಡೆಯದೆ ಮದುವೆಯಾಗಿ, ಆ ಅವಮಾನಕ್ಕೆ ರಾಜೀನಾಮೆ ಕೊಟ್ಟರು. ಹೋಗುವಾಗ, ಯಾರ ತಂಟೆಗೂ ಹೋಗದವನು ಇವನೊಬ್ಬನೇ ಎಂದು ಮಾಲತೇಶಪ್ಪನನ್ನು ಅಡ್ಮಿನ್ ಮಾಡಿದರು. ನಮ್ಮಲ್ಲಿ ಅಧಿಕಾರ ಸಿಗುವುದು ಹೆಚ್ಚಾಗಿ ಈ ಅರ್ಹತೆಗೇ.

ಆ ಗುಂಪಿನಲ್ಲೇ ಭಾಗ್ಯಲಕ್ಷ್ಮಿಯ ಪರಿಚಯವಾದದ್ದು. ಆಕೆ ಹರಿಹರದವಳು, ಸರ್ಕಾರಿ ಬಸ್ಸಿನ ಕಂಡಕ್ಟರ್, ಹರಿಹರ–ದಾವಣಗೆರೆ ಮಾರ್ಗ. ಹರಿಹರದ ಬಸ್ ಸ್ಟ್ಯಾಂಡಿನ ಹಿಂದಿನ ಟೀ ಅಂಗಡಿಯಲ್ಲಿ ಇಬ್ಬರೂ ಆಗಾಗ ಸೇರುತ್ತಿದ್ದರು. ನಿಯಮದ ಪ್ರಕಾರ ನೆಂಟರ ಸುದ್ದಿ ಎತ್ತುತ್ತಿರಲಿಲ್ಲ. ಒಮ್ಮೆ ಆಕೆ ಟೀ ಗ್ಲಾಸು ಕೆಳಗಿಡುತ್ತ, ‘ಇಷ್ಟು ವರ್ಷ ಬಸ್ನಾಗೆ ನಿಂತೇ ಇದೀನಿ. ಒಂದ್ಸಲ ಸೀಟಿನ ಮ್ಯಾಲೆ ಕೂತು ಗೋಕರ್ಣದ ತನಕ ಹೋಗ್ಬೇಕು. ಪಕ್ಕದಾಗೆ ಕೂತೋರು ಚಿಲ್ಲರೆ ಕೇಳಬಾರ್ದು’ ಎಂದಳು. ಮಾಲತೇಶಪ್ಪ ಅವತ್ತು ಮನೆಗೆ ಹೋಗಿ ಎರಡು ಹೊಸ ಅಂಗಿ ಇಸ್ತ್ರಿ ಮಾಡಿಸಿಟ್ಟ.

ಎಲ್ಲ ಸರಿಯಾಗಿ ನಡೆಯುತ್ತಿತ್ತು, ಹಯಾತ್ ಸಾಬ್ ಕೇಳದೇ ಇದ್ದಿದ್ದರೆ.

ಹಯಾತ್ ಸಾಬ್ ಛತ್ರಕ್ಕೆ ಶಾಮಿಯಾನ ಹಾಕುವವರು, ಅವರೂ ಒಂಟಿ. ‘ಮಾಲತೇಶಣ್ಣ, ಆ ಗ್ರೂಪ್ ನಮಗೂ ತೋರ್ಸೋ ಮಾರಾಯ’ ಎಂದು ಬಹಳ ದಿನದಿಂದ ಹಿಂದೆ ಬಿದ್ದಿದ್ದರು. ಒಂದು ಮಧ್ಯಾಹ್ನ ಛತ್ರದ ಆಫೀಸಿನಲ್ಲಿ ಕೂತು ಮಾಲತೇಶಪ್ಪ ಗುಂಪಿನ ಲಿಂಕನ್ನು ತನ್ನ ಹಳೆಯ ನಂಬರಿನಿಂದ ಅವರಿಗೆ ಕಳಿಸಲು ಹೊರಟ. ಜೊತೆಗೆ, ‘ಎಲ್ಲ ನಮ್ಮವರೇ, ಸೇರ್ಕಳ್ರಿ. ಯಾರಿಗೂ ಹೇಳಬ್ಯಾಡ್ರಿ’ ಎಂದೂ ಬರೆದ. ಕಳಿಸುವ ಗಳಿಗೆಯಲ್ಲೇ ತೋಟಪ್ಪನವರಿಂದ ‘ಊಟ ಆಯ್ತಾ ಬೀಗ್ರೇ’ ಎಂಬ ಸಂದೇಶ ಬಂದು ಹೆಸರುಗಳ ಸಾಲಿನಲ್ಲಿ ಎಲ್ಲರಿಗಿಂತ ಮೇಲೆ ಕೂತಿತು. ಹಯಾತ್ ಸಾಬರು ಒಂದು ಮೆಟ್ಟಿಲು ಕೆಳಗಿಳಿದರು. ಬೆರಳು ಮಾತ್ರ ತಾನು ಮೊದಲೇ ನಿಶ್ಚಯಿಸಿದ ಜಾಗಕ್ಕೇ ಬಿತ್ತು.

ಲಿಂಕು ಬೀಗರಿಗೆ ಹೋದದ್ದನ್ನು ಕಂಡು ಮಾಲತೇಶಪ್ಪ ಅಳಿಸಲು ಹೋದ. ‘ನನಗೆ ಮಾತ್ರ ಅಳಿಸು’, ‘ಎಲ್ಲರಿಗೂ ಅಳಿಸು’ ಎಂದು ಫೋನು ಎರಡು ದಾರಿ ತೋರಿಸಿತು. ಎಲ್ಲರಿಗೂ ತೊಂದರೆ ಯಾಕೆಂದು ಮೊದಲನೆಯದನ್ನು ಒತ್ತಿದ. ಹೀಗೆ ಆ ಸಂದೇಶ ಇಡೀ ಜಗತ್ತಿನಲ್ಲಿ ಅವನೊಬ್ಬನಿಗೆ ಕಾಣದಂತಾಯಿತು. ಇತ್ತ ಗುಂಪಿನಲ್ಲಿ ಹೊಸ ಸದಸ್ಯರು ಬಂದಾಗಿತ್ತು. ಹಾರ ಹಾಕಿಸಿಕೊಂಡು ಅಂಗಡಿಯ ಮುಂದೆ ನಿಂತ ಫೋಟೋ. ಕೆಳಗೆ: ‘ತೋಟಪ್ಪ, ಪಂಪ್‌ಸೆಟ್ ರಿವೈಂಡಿಂಗ್, ಹರಿಹರ. ಎಲ್ಲಾ ಬೀಗರಿಗೂ ಶರಣು.’

ತೋಟಪ್ಪನವರ ತರ್ಕದಲ್ಲಿ ದೋಷವಿರಲಿಲ್ಲ. ಕಳಿಸಿದವರು ಬೀಗರು. ಎಲ್ಲ ನಮ್ಮವರೇ ಎಂದಿದ್ದಾರೆ. ಅಂದಮೇಲೆ ಇದು ಬೀಗರ ಕಡೆಯ ಬಳಗ. ಯಾರಿಗೂ ಹೇಳಬೇಡಿ ಎಂದಿದ್ದಾರೆ. ಅಂದಮೇಲೆ ಬಳಗದಲ್ಲಿ ಏನೋ ನೋವಿದೆ. ಅವರು ನಾಲ್ಕು ದಿನ ಸುಮ್ಮನೆ ಓದಿದರು. ಒಬ್ಬರು ‘ಸಂಜೆಯಾದರೆ ಮನೆ ತಿನ್ನಲು ಬರುತ್ತೆ’ ಅನ್ನುತ್ತಾರೆ, ಇನ್ನೊಬ್ಬರು ‘ಕೈ ಹಿಡಿಯುವವರಿಲ್ಲ’ ಅನ್ನುತ್ತಾರೆ. ಬೀಗರ ಕಡೆ ಇಷ್ಟೊಂದು ಜನ ಒಂಟಿ ಇದ್ದಾರೆಂದು ತಮಗೆ ಗೊತ್ತೇ ಇರಲಿಲ್ಲವಲ್ಲ ಎಂದು ತೋಟಪ್ಪನವರ ಕರುಳು ಚುರ್ ಅಂದಿತು. ಐದನೇ ದಿನದಿಂದ ಬಳಗದ ಸೇವೆಗೆ ಇಳಿದರು.

ಬೆಳಗಾದರೆ ಹರಿಹರೇಶ್ವರನ ಫೋಟೋ. ಮಧ್ಯಾಹ್ನ ‘ಎಲ್ಲರದೂ ಊಟ ಆಯ್ತಾ, ಹೊತ್ತು ಮೀರಿಸಬೇಡಿ.’ ರಾಣೆಬೆನ್ನೂರಿನ ಕವಯಿತ್ರಿಯೊಬ್ಬರು ‘ಇಂದು ಚಂದಿರ ಎಷ್ಟು ಹತ್ತಿರ’ ಎಂದು ಬರೆದರೆ ಕೆಳಗೆ ತೋಟಪ್ಪನವರು, ‘ಹೌದು, ನಾಳೆ ಹುಣ್ಣಿಮೆ. ನಮ್ಮ ಅಂಗಡಿ ರಜೆ.’ ಶಿವಮೊಗ್ಗದವರೊಬ್ಬರು ‘ಯಾರಾದರೂ ಮಾತಾಡಿ’ ಎಂದರೆ ಐದೇ ನಿಮಿಷದಲ್ಲಿ ಫೋನು ಮಾಡಿ, ‘ಹೇಳ್ರಿ, ನಿಮ್ಮ ಮನೆದೇವ್ರು ಯಾವ್ದು, ಬೆಡಗು ಯಾವ್ದು’ ಎಂದು ಶುರು. ಮದುವೆ, ಜಾತಿ, ನೆಂಟಸ್ತನ: ಗುಂಪಿನ ಮೂರೂ ನಿಯಮಗಳನ್ನು ಅವರು ಒಂದೇ ಫೋನಿನಲ್ಲಿ ಮುರಿಯಬಲ್ಲವರಾಗಿದ್ದರು.

‘ಅಡ್ಮಿನ್ ಏನು ಮಾಡುತ್ತಿದ್ದಾರೆ?’ ಎಂದು ಮೊದಲು ಕೇಳಿದವರು ಆವರಗೆರೆಯ ನಿಂಗರಾಜ್, ನಿವೃತ್ತ ಪಿ.ಟಿ. ಮೇಷ್ಟ್ರು. ಅವರ ಸಂದೇಶಗಳಲ್ಲೂ ಸೀಟಿ ಕೇಳಿಸುತ್ತಿತ್ತು. ‘ಈ ವ್ಯಕ್ತಿಯನ್ನು ತಕ್ಷಣ ಸಾಲಿನಿಂದ ಹೊರಗೆ ಹಾಕಿ.’ ಉಳಿದವರೂ ದನಿಗೂಡಿಸಿದರು. ಆದರೆ ಅದೇ ವಾರ ಕವಯಿತ್ರಿಯ ಮನೆಯ ಬೋರಿನ ಮೋಟಾರು ಸುಟ್ಟಿತು. ಗುಂಪಿನವರೆಲ್ಲ ಅಳುವ ಮುಖ ಕಳಿಸಿದರು. ತೋಟಪ್ಪನವರು ಮಾತ್ರ ಪಾನಾ, ವೈರು ಚೀಲಕ್ಕೆ ಹಾಕಿಕೊಂಡು ರಾಣೆಬೆನ್ನೂರಿಗೇ ಹೋಗಿ, ಮೋಟಾರು ಎತ್ತಿಸಿ, ಸುತ್ತಿ, ಇಳಿಸಿ, ನೀರು ಬಂದಮೇಲೆ ಒಂದು ಲೋಟ ಕುಡಿದು ವಾಪಸಾದರು. ಆಮೇಲೆ ಕವಯಿತ್ರಿ ಚಂದಿರನ ಸುದ್ದಿಗೆ ಹೋಗದೆ, ‘ಪಾಪ ಇರಲಿ ಬಿಡಿ’ ಎಂದು ಬರೆಯತೊಡಗಿದರು. ಗುಂಪು ಎರಡಾಯಿತು.

ಮಾಲತೇಶಪ್ಪ ದಿನಕ್ಕೆ ಎಷ್ಟೋ ಸಲ ತೋಟಪ್ಪನವರ ಹೆಸರಿನ ಮೇಲೆ ಬೆರಳಿಡುವನು. ‘ತೆಗೆದುಹಾಕು’ ಎಂಬ ಕೆಂಪಕ್ಷರ ಏಳುವುದು. ಬಸ್ಸಿನ ಬಾಗಿಲು ನೆನಪಾಗುವುದು. ಬೆರಳು ಎತ್ತುವನು. ತೆಗೆದರೆ, ತೆಗೆದವರು ಯಾರೆಂದು ಎಲ್ಲರಿಗೂ ಕಾಣುವಂತೆ ಬರುತ್ತದೆ. ಇವತ್ತಲ್ಲ ನಾಳೆ ಆ ಒಂಟಿ ಹಕ್ಕಿ ಯಾರೆಂದು ಗೊತ್ತಾದರೆ, ಹರಿಹರದ ಆ ಮನೆಯಲ್ಲಿ ಚೈತ್ರಾ ತಲೆ ಎತ್ತುವುದು ಹೇಗೆ?

ಕೊನೆಗೆ ಅವರೇ ಬಿಟ್ಟುಹೋಗುವಂತೆ ಮಾಡೋಣವೆಂದು ಒಂದು ಗುರುವಾರ ಹರಿಹರಕ್ಕೆ ಹೋದ. ತೋಟಪ್ಪನವರ ಹೆಂಡತಿ ಅನ್ನಪೂರ್ಣಮ್ಮ ಕಾಲಿಗೆ ನೀರು ಕೊಟ್ಟರು, ಮಂಡಕ್ಕಿ ಮಿರ್ಚಿ ತಂದಿಟ್ಟರು.

‘ಬೀಗ್ರೇ,’ ಎಂದ ಮಾಲತೇಶಪ್ಪ, ‘ಈ ಫೋನು, ಗ್ರೂಪು ಎಲ್ಲ ಕಣ್ಣಿಗೆ ಒಳ್ಳೇದಲ್ಲಂತೆ. ವಯಸ್ಸಾದ ಮ್ಯಾಲೆ ಒಂದೊಂದೇ ಬಿಟ್ಟುಬಿಡ್ಬೇಕಂತೆ.’

ತೋಟಪ್ಪನವರು ಬಾಗಿಲ ಕಡೆ ನೋಡಿ ದನಿ ಇಳಿಸಿದರು. ‘ನಿಮ್ಮ ಕಡೆ ಗ್ರೂಪಿನ ವಿಷ್ಯನಾ? ಯಾರಿಗೂ ಹೇಳಿಲ್ರಿ ನಾನು. ಇವಳಿಗೂ ಪೂರ್ತಿ ಹೇಳಿಲ್ಲ.’

‘ಅಲ್ಲ, ನಿಮಗೆ ಕಷ್ಟ ಆಗ್ತಿದ್ರೆ ಬಿಡಬೋದು ಅಂತ.’

‘ಕಷ್ಟನಾ? ಖರೆ ಹೇಳ್ಲಾ, ಆ ಮಂದಿ ಮಾತು ನನಗೆ ಅರ್ಧ ತಿಳಿಯಂಗಿಲ್ಲ. ಒಬ್ಬ ಮೇಷ್ಟ್ರು ದಿನಾ ಬೈತಾನೆ. ಆದ್ರೆ ನೀವು ಕರೆದಿದೀರಿ. ಬೀಗರು ಕರೆದ ಪಂಕ್ತೀಲಿ ಕೂತು ಅರ್ಧಕ್ಕೆ ಎದ್ರೆ ನಿಮ್ಮ ಮರ್ಯಾದಿ ಏನಾಗ್ಬೇಕು? ನಾನಂತೂ ಏಳಲ್ಲ. ನೀವು ಚಿಂತೀ ಮಾಡಬ್ಯಾಡ್ರಿ.’

ಮಾಲತೇಶಪ್ಪನ ಕೈಯಲ್ಲಿದ್ದ ಮಿರ್ಚಿ ಅಲ್ಲೇ ನಿಂತಿತು. ಇವನು ಎಬ್ಬಿಸಲಾರ, ಅವರು ಏಳಲಾರರು. ಇಬ್ಬರೂ ಒಬ್ಬರ ಮರ್ಯಾದೆಯನ್ನು ಇನ್ನೊಬ್ಬರು ಹೊತ್ತುಕೊಂಡು, ಇಳಿಸಲು ಜಾಗವಿಲ್ಲದೆ ನಿಂತಿದ್ದರು.

ಅನ್ನಪೂರ್ಣಮ್ಮ ಮಂಡಕ್ಕಿ ಇನ್ನಷ್ಟು ಸುರಿಯುತ್ತ, ‘ನಿಮ್ಮ ಕಡೆ ಪಾಪ ಭಾಳ ಜನ ಒಂಟಿ ಇದಾರಂತಲ್ರಿ ಬೀಗ್ರೇ. ಭಾನುವಾರ ಮೊಮ್ಮಗನ ಜವಳ ಐತಲ್ಲ, ಎಲ್ರನ್ನೂ ಕರೀರಿ ಅಂತ ಇವರಿಗೆ ಹೇಳೀನಿ’ ಎಂದರು.

‘ಕರೆದಾಯ್ತು,’ ಎಂದರು ತೋಟಪ್ಪನವರು, ಫೋನು ತೋರಿಸಿ. ಮಗುವಿನ ಮೊದಲ ಕೂದಲು ತೆಗೆಸುವ ಕಾರ್ಯಕ್ಕೆ ಬೀಗರೆಲ್ಲರೂ ಸಕುಟುಂಬ ಬರಬೇಕೆಂಬ ಆಹ್ವಾನ ಗುಂಪಿಗೆ ಹೋಗಿಬಿಟ್ಟಿತ್ತು. ಕೆಳಗೆ ನಿಂಗರಾಜ್ ಮೇಷ್ಟ್ರ ಉತ್ತರ: ‘ಬರುತ್ತೇವೆ. ಮುಖಾಮುಖಿ ತೀರ್ಮಾನ ಆಗಲಿ.’

ವಾಪಸು ಹೋಗಲು ಮಾಲತೇಶಪ್ಪ ಹತ್ತಿದ ಬಸ್ಸು ಭಾಗ್ಯಲಕ್ಷ್ಮಿಯದೇ ಆಗಿತ್ತು. ಬೇರೆ ದಿನವಾಗಿದ್ದರೆ ಅದನ್ನು ಅದೃಷ್ಟ ಎನ್ನುತ್ತಿದ್ದ.

‘ಎಲ್ಲಿಗೆ?’

‘ದಾವಣಗೆರೆ ಒಂದು.’

ಆಕೆ ಟಿಕೆಟ್ ಯಂತ್ರ ಒತ್ತಲಿಲ್ಲ. ‘ಆ ತೋಟಪ್ಪನ್ನ ತೆಗೆದ್ರಾ?’

‘ನೋಡಾಣ ಮೇಡಂ. ವಯಸ್ಸಾದೋರು.’

‘ವಯಸ್ಸಾದೋರು ಅಂತ ಟಿಕೆಟ್ ಇಲ್ದೆ ಕೂರಿಸ್ತೀನಾ ನಾನು? ನನ್ನ ಬಸ್ನಾಗೆ ಟಿಕೆಟ್ ಇಲ್ದಿದ್ರೆ ಡಿಪೋ ಮ್ಯಾನೇಜರ್ ಭಾವಮೈದ ಆದ್ರೂ ಇಳೀಲೇಬೇಕು. ಅಲ್ರಿ, ಬೆನ್ನು ನೋವು ಅಂತ ಗ್ರೂಪ್ನಾಗೆ ಒಂದು ಮಾತು ಬರೆದೆ. “ತಂಗೀ, ಎಣ್ಣಿ ಹಚ್ಚಿ ಬಿಸಿನೀರು ಹಾಕ್ಯ, ನಿಮ್ಮ ಹಿರೇರಿಗೆ ಹೇಳಿ ಒಂದು ವರ ನೋಡ್ಸಣ” ಅಂತಾರೆ. ಒಬ್ಬನ್ನ ಕಟ್ಕಂಡು, ಅನುಭವಿಸಿ, ಕೋರ್ಟು ಹತ್ತಿಳಿದು ಬಿಟ್ಟು ಬಂದೋಳು ನಾನು. ವರ ನೋಡ್ತೀವಿ ಅನ್ನೋರ ಕಾಟ ತಾಳಲಾರದೆ ಈ ಗ್ರೂಪಿಗೆ ಬಂದೆ. ಇಲ್ಲೂ ಅದೇ ಅಂದ್ರೆ ನಮ್ಮೋಣಿ ಕಟ್ಟಿ ಮ್ಯಾಲೇ ಕೂಡ್ತಿದ್ದೆ.’

ಮಾಲತೇಶಪ್ಪ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡ. ಅವರು ನನ್ನ ಬೀಗರು ಎನ್ನುವ ಒಂದು ಮಾತು ಗಂಟಲಿನವರೆಗೆ ಬಂದು, ಮಗಳ ಮುಖ ನೆನಪಾಗಿ ಕೆಳಗಿಳಿಯಿತು.

‘ಭಾನುವಾರ ಸಂಜೆ ತನಕ ಟೈಮು,’ ಎಂದಳು ಭಾಗ್ಯಲಕ್ಷ್ಮಿ, ಟಿಕೆಟ್ ಹರಿದು ಅವನ ಕೈಗಿಡುತ್ತ. ‘ಅವರಿದ್ರೆ ನಾನಿಲ್ಲ. ಗ್ರೂಪ್ನಾಗೂ ಇಲ್ಲ, ಟೀ ಅಂಗಡ್ಯಾಗೂ ಇಲ್ಲ. ಒಬ್ಬರನ್ನ ಏಳ್ರಿ ಅನ್ನಕ್ಕಾಗದೋರು ನಾಳೆ ನನ್ನ ಪರ ಯಾರ ಮುಂದೆ ನಿಲ್ತೀರಿ?’

ಪಕ್ಕದ ಸೀಟಿನ ಅಜ್ಜಿ ಆಧಾರ್ ಕಾರ್ಡು ಹಿಡಿದು ಕಾಯುತ್ತಿದ್ದವಳು ಕೇಳಿದಳು, ‘ಯಾರವ್ವಾ ಆ ತೋಟಪ್ಪ, ಅಷ್ಟು ಕೆಟ್ಟೋನಾ?’

‘ಇಲ್ಲಜ್ಜಿ, ಒಳ್ಳೆಯೋರೇ. ಅದಕ್ಕೇ ತೊಂದ್ರೆ.’

ಭಾನುವಾರ ಹರಿಹರದಲ್ಲಿ ತೋಟಪ್ಪನವರ ಮನೆಯ ಮುಂದೆ ಹಯಾತ್ ಸಾಬರ ಶಾಮಿಯಾನ ಎದ್ದಿತ್ತು. ಲಿಂಕು ತಮಗೆ ಇನ್ನೂ ಬಂದಿಲ್ಲವೆಂದು ಸಾಬರು ಬೇಸರದಲ್ಲಿದ್ದರು. ಮಗುವಿನ ತಲೆ ನುಣ್ಣಗಾಗಿ, ಅತ್ತು, ಬೆಲ್ಲ ತಿಂದು ಸುಮ್ಮನಾಗಿತ್ತು. ಟೇಬಲ್ ಊಟ ಊಟವೇ ಅಲ್ಲ ಎನ್ನುವುದು ತೋಟಪ್ಪನವರ ಸಿದ್ಧಾಂತ. ಆದ್ದರಿಂದ ಜಮಖಾನ ಹಾಸಿ, ನೆಲದ ಮೇಲೆ ಸಾಲಾಗಿ ಎಲೆ ಹಾಕಿದ್ದರು.

ಗುಂಪಿನವರು ಬಂದರು. ಬಿಳಿ ಬೂಟು ಹಾಕಿದ ನಿಂಗರಾಜ್ ಮೇಷ್ಟ್ರು, ಕವಯಿತ್ರಿ, ಶಿವಮೊಗ್ಗದವರು. ಕೊನೆಯಲ್ಲಿ, ಅಡ್ಮಿನ್ ಕೈಲಾಗದ್ದನ್ನು ತಾನೇ ಮುಗಿಸಿ ಹೋಗೋಣವೆಂದು ಸೀರೆಯ ಸೆರಗು ಬಿಗಿದು ಬಂದ ಭಾಗ್ಯಲಕ್ಷ್ಮಿ. ತೋಟಪ್ಪನವರು ಒಬ್ಬೊಬ್ಬರಿಗೂ ಕೈಮುಗಿದು, ಬೀಗರಿಗೆಂದು ಮೀಸಲಿಟ್ಟ ಮೊದಲ ಪಂಕ್ತಿಯಲ್ಲಿ ಕೂರಿಸಿದರು. ಜಗಳಕ್ಕೆಂದು ತಯಾರಾಗಿ ಬಂದ ಮೇಷ್ಟ್ರು, ಕಾಲ ಬಳಿ ನೀರಿನ ತಂಬಿಗೆ, ಮುಂದೆ ಬಾಳೆಲೆ ಕಂಡು, ಜಗಳ ಹೋಳಿಗೆಯ ನಂತರ ಎಂದು ತೀರ್ಮಾನಿಸಿದಂತಿತ್ತು.

ಭಾಗ್ಯಲಕ್ಷ್ಮಿಯನ್ನು ಕಂಡದ್ದೇ ಮಾಲತೇಶಪ್ಪ ಟವಲನ್ನು ತಲೆಗೆ ಸುತ್ತಿ ಪಾಯಸದ ಬಕೆಟ್ಟು ಎತ್ತಿಕೊಂಡ. ಮೂವತ್ತು ವರ್ಷದ ಅನುಭವದಿಂದ ಅವನಿಗೆ ಗೊತ್ತಿತ್ತು, ಬಡಿಸುವವನ ಕೈಯನ್ನು ಎಲ್ಲರೂ ನೋಡುತ್ತಾರೆ, ಮುಖವನ್ನು ಯಾರೂ ನೋಡುವುದಿಲ್ಲ.

‘ಬೀಗರು ಬಡಿಸದಾ? ಇಡ್ರಿ ಬಕೆಟ್ಟು’ ಎಂದು ಅನ್ನಪೂರ್ಣಮ್ಮ ತುಪ್ಪದ ಗಿಂಡಿ ಹಿಡಿದು ಬೆನ್ನು ಹತ್ತಿದರು. ಅವನು ಕೇಳಿಸದವನಂತೆ ಸಾಲಿನ ಹಿಂದೆ ಹಿಂದೆ ಸರಿದ. ಅಲ್ಲಿ ಗುತ್ತೆಪ್ಪನವರು ಕೂತಿದ್ದರು. ಒಂಬತ್ತು ವರ್ಷವಾದರೂ ಮಾಲತೇಶಪ್ಪ ಬೆನ್ನ ಹಿಂದೆ ಬಂದನೆಂದರೆ ಅವರು ಎಲೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು.

ಗುಂಪಿನವರ ಎದುರು ಸಾಲಿನಲ್ಲಿ ತೋಟಪ್ಪನವರ ಸೋದರತ್ತೆ ದುರುಗವ್ವ ಕೂತಿದ್ದಳು. ಹೊಸ ಮುಖ ಕಂಡರೆ ವಂಶ ತಿಳಿಯದೆ ತುತ್ತು ಎತ್ತದ ಹೆಂಗಸು.

‘ಮಾಲತೇಶಪ್ಪಗೆ ನೀನೇನಾಗ್ಬೇಕಪ್ಪ?’ ಎಂದು ಮೇಷ್ಟ್ರನ್ನು ಕೇಳಿದಳು.

‘ಯಾವ ಮಾಲತೇಶಪ್ಪ?’

‘ಅಯ್ಯ, ನಮ್ಮ ಬೀಗ. ನೀವೆಲ್ಲ ಅವನ ಕಡೆಯೋರಲ್ಲೇನು?’

‘ನಾವು ಯಾರ ಕಡೆಯೋರೂ ಅಲ್ಲ ತಾಯಿ. ಮನೆ ಬೇರೆ ಮನಸು ಒಂದು ಗ್ರೂಪ್ನೋರು.’

‘ಹಂಗಂದ್ರೆ ಏನಪ್ಪ?’

ಮೇಷ್ಟ್ರಿಗೆ ಮೈದಾನದ ದನಿ ಬಿಟ್ಟು ಬೇರೆ ದನಿ ಇರಲಿಲ್ಲ. ‘ಮದುವೆ ಮಾಡ್ಕಳ್ದೆ ಜೊತೆ ಹುಡುಕ್ಯಳೋ ಒಂಟಿ ಗಂಡಸ್ರು ಹೆಂಗಸ್ರ ಗುಂಪು. ನಿಮ್ಮ ತೋಟಪ್ಪನೋರೂ ಮೆಂಬರ್ರು. ಅವರನ್ನ ಬಿಡ್ಸಾಕೇ ಬಂದಿದೀವಿ.’

ಸಾರಿನ ಸೌಟು ಸಾರಿನಲ್ಲೇ ನಿಂತಿತು. ಆ ತುದಿಯಿಂದ ಈ ತುದಿಯವರೆಗೆ ಅಗಿಯುವ ಸದ್ದು ನಿಂತುಹೋಯಿತು. ಗುಂಪಿನವರ ಅಕ್ಕಪಕ್ಕ ಕೂತಿದ್ದ ನೆಂಟರು ಎಲೆ ಎಳೆದುಕೊಂಡು ಒಂದೊಂದು ಮೊಳ ಸರಿದರು. ಭಾಗ್ಯಲಕ್ಷ್ಮಿಯ ಪಕ್ಕದ ಜಾಗ ಖಾಲಿಯಾಗಿ, ಅಲ್ಲಿ ಜಮಖಾನದ ಹೂವು ಕಾಣಿಸಿತು. ಆಕೆ ತಲೆ ತಗ್ಗಿಸಲಿಲ್ಲ. ಆದರೆ ಕಲೆಸಿದ ಅನ್ನದಿಂದ ಕೈ ತೆಗೆದಳು.

‘ಏನ್ರಿ ಇದು?’ ಎಂದರು ಅನ್ನಪೂರ್ಣಮ್ಮ ಗಂಡನಿಗೆ.

ತೋಟಪ್ಪನವರ ಮುಖ ಸುಟ್ಟ ಮೋಟಾರಿನ ಬಣ್ಣಕ್ಕೆ ತಿರುಗಿತ್ತು. ಎಲ್ಲ ಈಗ ಅವರಿಗೆ ಅರ್ಥವಾಗುತ್ತಿರುವುದು ದೂರದಿಂದಲೇ ಕಾಣುತ್ತಿತ್ತು, ಚಂದಿರನೂ ಕೈ ಹಿಡಿಯುವವರೂ. ಒಂದು ಗಳಿಗೆ ಮಾಲತೇಶಪ್ಪನ ಕಡೆ ನೋಡಿದರು. ‘ಬೀಗರು ಸೇರಿಸಿದರು’ ಎಂಬ ಎರಡು ಮಾತು ಸಾಕಿತ್ತು.

‘ನಾನೇ ಸೇರಿದ್ದು,’ ಎಂದರು. ‘ಯಾರೂ ಸೇರ್ಸಿಲ್ಲ. ತಿಳೀದೆ ಸೇರಿದೆ. ಈ ಜನ ಮಾತ್ರ ನಾನು ಕರೆದು ಬಂದೋರು. ಇವರ ಪಕ್ಕ ಜಾಗ ಖಾಲಿ ಬಿಡೋ ಹಂಗಿಲ್ಲ.’ ಹೀಗೆಂದವರೇ ಒಂದು ಎಲೆ ತೆಗೆದುಕೊಂಡು ಹೋಗಿ ಭಾಗ್ಯಲಕ್ಷ್ಮಿಯ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. ‘ಉಣ್ಣು ತಂಗಿ. ಸಾರು ತಣ್ಣಗಾಗ್ತತೆ. ಇನ್ನು ವರದ ಸುದ್ದಿ ಎತ್ತಲ್ಲ.’

ಭಾಗ್ಯಲಕ್ಷ್ಮಿ ಅವರನ್ನೇ ನೋಡಿದಳು. ಇಳಿಸಬೇಕೆಂದು ಬಂದವಳ ಬಾಯಲ್ಲಿ ಇಳಿಯಿರಿ ಎಂಬ ಮಾತು ಸಿಗಲಿಲ್ಲ.

ಮಾಲತೇಶಪ್ಪನಿಗೆ ಪಾಯಸದ ಬಕೆಟ್ಟು ತೀರ ಭಾರವೆನಿಸಿತು. ಟವಲು ಬಿಚ್ಚಿದ.

‘ಅವರಲ್ಲ. ಸೇರ್ಸಿದ್ದು ನಾನು. ಹಯಾತ್ ಸಾಬರಿಗೆ ಕಳ್ಸೋದು ಬೀಗರಿಗೆ ಹೋತು. ಗ್ರೂಪಿನ ಅಡ್ಮಿನ್ನೂ ನಾನೇ.’

‘ಓಹೋ, ಅಲ್ಲಿಗೆ ಹೋತಾ ನಮ್ಮ ಲಿಂಕು’ ಎಂದರು ಹಯಾತ್ ಸಾಬ್, ಕಂಬದ ಹಿಂದಿನಿಂದ. ಮನಸ್ಸು ಹಗುರಾದ ಒಬ್ಬರೇ ಒಬ್ಬರು ಅವರಾಗಿದ್ದರು.

‘ಅಪ್ಪಾ’ ಎಂದಳು ಚೈತ್ರಾ, ಬೋಳುತಲೆಯ ಮಗುವನ್ನು ಎತ್ತಿಕೊಂಡು. ಅವಳ ಕಣ್ಣು ಅಪ್ಪನ ಇಸ್ತ್ರಿ ಮಾಡಿದ ಅಂಗಿಯ ಮೇಲಿತ್ತು.

‘ಅಡ್ಮಿನ್ ಅಂದ್ರೆ ಗೌಡಿಕೆ ಇದ್ದಂಗಾ?’ ಎಂದು ದುರುಗವ್ವ ಕೇಳಿದಳು.

ಅನ್ನಪೂರ್ಣಮ್ಮ ತುಪ್ಪದ ಗಿಂಡಿಯನ್ನು ಕೆಳಗಿಟ್ಟರು. ಎಲ್ಲರೂ ಇನ್ನೇನು ಸಿಡಿಯುತ್ತದೋ ಎಂದು ಕಾದರು. ‘ಮನಿ ಬ್ಯಾರೆ, ಮನಸು ಒಂದು,’ ಎಂದು ಅವರು ಮೆಲ್ಲಗೆ ಹೇಳಿಕೊಂಡರು. ‘ಅಲ್ರಿ ಬೀಗ್ರೇ, ಇಂಥಾದ್ದು ಐತೆ ಅಂತ ಮೊದ್ಲೇ ಹೇಳಬಾರ್ದಾ? ಇವರ ಗೊರಕೆ ಕೇಳಿ ಕೇಳಿ ನನ್ನ ಕಿವಿ ಹೋಗೇತಿ. ಒಂದು ಮನಿ ಆಚಿಗೆ ಇದ್ದಿದ್ರೆ ಇನ್ನೂ ಪ್ರೀತಿ ಇರ್ತಿತ್ತು.’

ಮೊದಲು ನಕ್ಕವರು ಗುತ್ತೆಪ್ಪನವರು. ಆಮೇಲೆ ಸೌಟು ಕದಲಿತು, ಅಗಿಯುವ ಸದ್ದು ಮರಳಿತು. ಸರಿದವರಲ್ಲಿ ಕೆಲವರು ಎಲೆಯನ್ನು ಅರ್ಧ ಮೊಳ ಹಿಂದಕ್ಕೆ ತಂದರು. ಉಳಿದವರು ತರಲಿಲ್ಲ.

ಮಾಲತೇಶಪ್ಪ ಮಾತ್ರ ಅಲ್ಲೇ ನಿಂತಿದ್ದ. ಅವನ ಮುಂದೆ ಒಂದು ಎಲೆ ತೋಟಪ್ಪನವರದು, ಒಂದು ಭಾಗ್ಯಲಕ್ಷ್ಮಿಯದು. ಆ ಕಡೆ ಸರಿದು ಕೂತ ನೆಂಟರು. ಈ ಕಡೆ ಕವಯಿತ್ರಿ. ಆಕೆಯ ಪಕ್ಕ ಬೇರೆ ಜಾಗವಿರಲಿಲ್ಲ.

‘ಇವರು ಗ್ರೂಪ್ನಾಗೆ ಇರ್ಲಿ,’ ಎಂದಳು ಭಾಗ್ಯಲಕ್ಷ್ಮಿ ಅವನತ್ತ ನೋಡದೆ. ‘ಅವರ ವಿಷ್ಯ ಮುಗೀತು. ನಿಮ್ಮದು ಹೇಳ್ರಿ. ಬೀಗರು ಅಂತ ಬಸ್ನಾಗೆ ಒಂದು ಮಾತು ಅಂದಿದ್ರೆ ನನಗೆ ತಿಳೀತಿರ್ಲಿಲ್ವಾ? ನಾನು ನಿಮಗೆ ಯಾರು ಅಂತ ಈ ಮಂದಿಗೆ ಇನ್ನೂ ತಿಳಿದಿಲ್ಲ. ಬಕೆಟ್ಟು ಹಿಡ್ಕಂಡು ಅಲ್ಲೇ ನಿಲ್ತೀರೇನು? ಫುಟ್‌ಬೋರ್ಡ್ ಮ್ಯಾಲೆ ನಿಂತೋರಿಗೆ ನಾ ಟಿಕೆಟ್ ಕೊಡಲ್ಲ.’

ಅವನು ಬಕೆಟ್ಟು ಕೆಳಗಿಟ್ಟ. ಚೈತ್ರಾಳನ್ನು ನೋಡಿದ. ಅವಳು ಮಗುವನ್ನು ಆ ಕಂಕುಳಿಂದ ಈ ಕಂಕುಳಿಗೆ ಬದಲಿಸಿಕೊಂಡು, ಗಲ್ಲದಿಂದ ಒಂದಿಷ್ಟೇ ಆ ಜಾಗದ ಕಡೆ ತೋರಿಸಿದಳು. ಇಡೀ ಪಂಕ್ತಿ ನೋಡುತ್ತಿತ್ತು. ತೋಟಪ್ಪನವರು ಆಗಷ್ಟೇ ಹೋಳಿಗೆಯ ಮೊದಲ ತುತ್ತು ಮುರಿದಿದ್ದರು.

‘ಬೀಗ್ರೇ,’ ಎಂದ ಮಾಲತೇಶಪ್ಪ. ಇನ್ನೊಮ್ಮೆ ಹೇಳಿದ. ‘ಬೀಗ್ರೇ, ಏಳ್ರಿ. ಇವರ ಪಕ್ಕ ನಾನು ಕೂಡ್ಬೇಕು.’

ತೋಟಪ್ಪನವರು ಅವನನ್ನೂ ಆಕೆಯನ್ನೂ ನೋಡಿದರು. ಎಲೆಯನ್ನು ಹೋಳಿಗೆಯ ಸಮೇತ ಎತ್ತಿಕೊಂಡು ಎದ್ದರು. ಮಾಲತೇಶಪ್ಪ ಕೂತ.

ಕೊಟ್ಟ ಮಾತು ಮುರಿಯಿತು.